ಏರಿನಲ್ಲಿ ಸೋಲುವ ಗಾಡಿಗೆ ಸಾದಾ ಟರ್ಬೊ ಹಾಕಿಸಬಹುದೇ?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಬಳಿಯ ಕಾಫಿ ತೋಟ. 2018ರ ಡೀಸೆಲ್ ಪಿಕಪ್ ಗಾಡಿಯಲ್ಲಿ ಕುಶಾಲನಗರಕ್ಕೆ ಕಾಫಿ ಮೂಟೆ ಸಾಗಿಸುತ್ತೇವೆ. ಗೊಬ್ಬರ ಹೇರಿಕೊಂಡು ಮರಳುವಾಗ, ಆನೆಕಾಡಿನ ನಂತರದ ಏರಿನಲ್ಲಿ ಇಂಜಿನ್ ದೀಪ ಹತ್ತಿಕೊಂಡು ಎಳೆತವೇ ಇಲ್ಲದಂತಾಗುತ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುತ್ತದೆ. ಈಗಿರುವ ವಿ.ಜಿ.ಟಿ. ಟರ್ಬೊ (ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ, ಒಳಗೆ ಚಲಿಸುವ ರೆಕ್ಕೆಗಳಿರುವ ಸಾಧನ) ತೆಗೆದು ಸಾದಾ ಟರ್ಬೊ ಹಾಕಿದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಹಾಕಿಸಬಹುದೇ?
– ಒಬ್ಬ ಬೆಳೆಗಾರರು

ಉತ್ತರ: ದಯವಿಟ್ಟು ಹಾಕಿಸಬೇಡಿ. ನಿಮ್ಮ ಗಾಡಿಯ ಲಕ್ಷಣಗಳನ್ನು ನೋಡಿದರೆ ಟರ್ಬೊ ಪೂರ್ತಿ ಹಾಳಾಗಿದೆ ಎನ್ನುವುದಕ್ಕಿಂತ, ಅದರೊಳಗಿನ ರೆಕ್ಕೆಗಳು ಮಸಿಯಿಂದ ಬಿಗಿದುಕೊಂಡಿರುವ ಅಥವಾ ಅವುಗಳನ್ನು ಆಡಿಸುವ ವ್ಯಾಕ್ಯೂಮ್ ಪೈಪು ಸೋರುತ್ತಿರುವ ಸಂಭವವೇ ಹೆಚ್ಚು.

ಸ್ಪ್ರಿಂಕ್ಲರಿನ ನಳಿಗೆಯ ಬಾಯಿ ಕಿರಿದಾದಷ್ಟೂ ನೀರು ರಭಸದಿಂದ ಚಿಮ್ಮುವುದನ್ನು ನೀವು ತೋಟದಲ್ಲಿ ನೋಡಿಯೇ ಇರುತ್ತೀರಿ. ವಿ.ಜಿ.ಟಿ. ಟರ್ಬೊದ ರೆಕ್ಕೆಗಳು ಮಾಡುವುದೂ ಅದನ್ನೇ: ಇಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಹೊಗೆ ಹೋಗುವ ದಾರಿಯನ್ನು ಕಿರಿದುಗೊಳಿಸಿ, ಇರುವ ಅಲ್ಪ ಹೊಗೆಯಿಂದಲೇ ಟರ್ಬೈನನ್ನು ವೇಗವಾಗಿ ತಿರುಗಿಸುತ್ತವೆ. ಸಾದಾ ಟರ್ಬೊದಲ್ಲಿ ಈ ದಾರಿಯ ಅಳತೆ ಬದಲಾಗುವುದಿಲ್ಲ; ಒತ್ತಡ ಹೆಚ್ಚಾದಾಗ ಹೊಗೆಯನ್ನು ಹೊರಬಿಡುವ ವೇಸ್ಟ್‌ಗೇಟ್ ಮಾತ್ರ ಇರುತ್ತದೆ. ಅದು ಗಟ್ಟಿಮುಟ್ಟಾದದ್ದು, ಕೆಡುವ ಭಾಗಗಳೂ ಕಡಿಮೆ ಎಂಬುದು ನಿಜ. ಆದರೆ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಎಂಟರಲ್ಲಿ ಒಂದು ಪಾಲಿನಷ್ಟು ಕಡಿಮೆಯಿರುತ್ತದೆ. ಇಂಥ ಎತ್ತರದ ಏರುಗಳಲ್ಲಿ ಸಾದಾ ಟರ್ಬೊ ಹಾಕಿದರೆ, ಹೇರು ಹೊತ್ತ ಗಾಡಿ ಎರಡನೇ ಗೇರಿನಲ್ಲಿ ತಿರುವು ಹತ್ತುವಾಗ ಬೇಕಾಗುವ ಎಳೆತವನ್ನೇ ನೀವು ಕಳೆದುಕೊಳ್ಳುತ್ತೀರಿ.

ಇನ್ನೂ ದೊಡ್ಡ ತೊಡಕು ಇ.ಸಿ.ಯು.ನದು, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನದು. ರೆಕ್ಕೆಗಳನ್ನು ಎಷ್ಟು ಮುಚ್ಚಬೇಕೆಂಬ ಲೆಕ್ಕ ಅದರಲ್ಲಿ ಮೊದಲೇ ಇರುತ್ತದೆ. ರೆಕ್ಕೆಗಳೇ ಇಲ್ಲದಿದ್ದರೆ ಅದು ನಿರೀಕ್ಷಿಸಿದ ಒತ್ತಡ ಸಿಗದೆ, ಈಗ ಉರಿಯುತ್ತಿರುವ ದೀಪವೇ ಮತ್ತೆ ಉರಿದು, ಶಕ್ತಿ ಕಡಿತಗೊಳ್ಳುತ್ತದೆ. ಇ.ಜಿ.ಆರ್. (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ವ್ಯವಸ್ಥೆ) ಮೂಲಕ ಮರಳುವ ಹೊಗೆಯ ಪ್ರಮಾಣವೂ ಏರುಪೇರಾಗುತ್ತದೆ. ಇದಲ್ಲದೆ, ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿಯಾಗುತ್ತದೆ.

ಮೊದಲು ಇ.ಸಿ.ಯು.ನಲ್ಲಿ ದಾಖಲಾದ ದೋಷದ ಸಂಕೇತ ಓದುವ ಸ್ಕ್ಯಾನರ್ ಹಾಕಿಸಿ. ಪಿ 0299 ಎಂದು ಬಂದರೆ ಒತ್ತಡ ಸಾಲದು ಎಂದರ್ಥ, ಪಿ 0234 ಬಂದರೆ ಮಿತಿಮೀರಿದೆ ಎಂದರ್ಥ. ರೆಕ್ಕೆಗಳು ಮುಚ್ಚಿದ ಸ್ಥಿತಿಯಲ್ಲಿ ಬಿಗಿದರೆ ಎರಡನೆಯದು ಕಾಣುತ್ತದೆ. ನಂತರ, ನಿಮ್ಮದು ವ್ಯಾಕ್ಯೂಮಿನಿಂದ ನಡೆಯುವ ಟರ್ಬೊ ಆಗಿದ್ದರೆ, ಬಾನೆಟ್ ಎತ್ತಿ ಟರ್ಬೊ ಪಕ್ಕದ ಡಬ್ಬಿಯಿಂದ ಹೊರಬಂದಿರುವ ಸಣ್ಣ ಕಡ್ಡಿಯನ್ನು ನೋಡುತ್ತಿರಿ, ಇನ್ನೊಬ್ಬರು ಇಂಜಿನ್ ಸ್ಟಾರ್ಟ್ ಮಾಡಲಿ. ಕಡ್ಡಿ ಒಂದೇ ಎಳೆತಕ್ಕೆ ನಯವಾಗಿ ಒಳಸರಿದು, ಇಂಜಿನ್ ನಿಂತಾಗ ಹಾಗೆಯೇ ಮರಳಬೇಕು. ತಡೆತಡೆದು ಚಲಿಸಿದರೆ ಒಳಗೆ ಮಸಿ ಕಟ್ಟಿದೆ. ಅಲುಗಾಡದೇ ಇದ್ದರೆ ಮೊದಲು ರಬ್ಬರ್ ಪೈಪು ಮತ್ತು ಸೊಲೆನಾಯ್ಡ್ (ವ್ಯಾಕ್ಯೂಮನ್ನು ನಿಯಂತ್ರಿಸುವ ವಿದ್ಯುತ್ ಕವಾಟ) ಪರೀಕ್ಷಿಸಿ. ಟರ್ಬೊದಿಂದ ಬರುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಪೈಪುಗಳ ಕ್ಲಿಪ್ಪಿನ ಬಳಿ ಎಣ್ಣೆಯ ಪಸೆಯಿದ್ದರೆ ಅಲ್ಲಿ ಗಾಳಿ ಸೋರುತ್ತಿರಬಹುದು.

ಮಸಿಯೇ ಕಾರಣವಾಗಿದ್ದರೆ ಟರ್ಬೊ ಬಿಚ್ಚಿಸಿ ರೆಕ್ಕೆಗಳ ಉಂಗುರವನ್ನು ಶುಚಿ ಮಾಡಿಸಬಹುದು. ತೋಟದೊಳಗಿನ ನಿಧಾನದ ಓಡಾಟದಿಂದಲೇ ಮಸಿ ಬೇಗ ಕಟ್ಟುತ್ತದೆ. ಶಾಫ್ಟ್ ಸವೆದು ಬದಲಿಸಲೇಬೇಕೆಂದಾದರೆ ಅದೇ ಬಿಡಿಭಾಗ ಸಂಖ್ಯೆಯ ವಿ.ಜಿ.ಟಿ.ಯನ್ನೇ ಹಾಕಿಸಿ, ಜೊತೆಗೆ ಆಯಿಲ್ ಬರುವ ಸಣ್ಣ ಪೈಪನ್ನೂ ಹೊಸದು ಮಾಡಿಸಿ. ಹಳೆಯ ಪೈಪು ಕಟ್ಟಿಕೊಂಡಿದ್ದರೆ ಹೊಸ ಟರ್ಬೊ ಕೂಡ ಆಯಿಲ್ ಇಲ್ಲದೆ ಬೇಗನೆ ಸವೆಯುತ್ತದೆ.