ಹುಚ್ಚಿನ ಕಥೆ ಸಾಕು, ಕೈ ನೋಡಿ

ಪತ್ರ: ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ರಾಕ್ ತಂಡದ ಮೊದಲ ಗಿಟಾರ್ ವಾದಕ ಸಿಡ್ ಬ್ಯಾರೆಟ್ ನೆನಪಿಗೆ ಎರಡು ಪುಟ ಕೊಟ್ಟಿದ್ದೀರಿ. ಪಿಂಕ್ ಫ್ಲಾಯ್ಡ್ ಎಂದರೆ ನಮಗೆ ಆಮೇಲೆ ಬಂದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್. ಈ ಸಿಡ್ ತಂಡದೊಂದಿಗೆ ಒಂದು ಆಲ್ಬಂ ಮಾಡಿ, ಎಲ್‌ಎಸ್‌ಡಿ ಎಂಬ ಮಾದಕ ವಸ್ತುವಿನಿಂದ ತಲೆ ಕೆಡಿಸಿಕೊಂಡು ಮನೆ ಸೇರಿದವನು. ಅವನದು ಮತ್ತಿನ ಪ್ರತಿಭೆ, ವಿದ್ಯೆಯಲ್ಲ. ನಿಮ್ಮ ಲೇಖನ ಓದಿದ ನನ್ನ ಮಗ ಈಗ ಸಿಗರೇಟ್ ಲೈಟರ್‌ನಿಂದ ಗಿಟಾರ್ ತಂತಿ ಉಜ್ಜುತ್ತ ಕೂತಿದ್ದಾನೆ. ಬರುವುದು ಬರೀ ಕರಕರ. — ಶಿವಮೊಗ್ಗದ ಓದುಗರು

ಉತ್ತರ: ಗಿಲ್ಮೋರ್ ವಿಷಯದಲ್ಲಿ ನನ್ನ ತಕರಾರಿಲ್ಲ. ತಂತಿ ಎಳೆದು ಸ್ವರ ಬಗ್ಗಿಸುವುದರಲ್ಲಿ ಅವರಿಗೆ ಸರಿಸಾಟಿಯಾದವರು ಕಡಿಮೆ. ಎಲ್‌ಎಸ್‌ಡಿ ಇತ್ತು ಎಂಬುದೂ ನಿಜ, 1967ರ ಕೊನೆಗೆ ಸಿಡ್ ಕಛೇರಿಗಳಲ್ಲಿ ಕೈಕೊಡತೊಡಗಿದ್ದೂ ನಿಜ. ಒಪ್ಪಿದೆ. ಆದರೆ ‘ಮತ್ತಿನ ಪ್ರತಿಭೆ’ ಎಂದಿರಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಆ ವರ್ಷ ಲಂಡನ್ನಿನಲ್ಲಿ ಅದೇ ಮತ್ತಿನಲ್ಲಿ ತೇಲುತ್ತಿದ್ದವರಿಗೆ ಲೆಕ್ಕವಿರಲಿಲ್ಲ. ಅವರೆಲ್ಲರ ಗಿಟಾರಿನಿಂದಲೂ ಸಿಡ್‌ನಂಥ ಸದ್ದು ಯಾಕೆ ಬರಲಿಲ್ಲ?

ಬಂದದ್ದು ಎಲ್ಲಿಂದ ಎಂದು ಕೇಳಿ. ಸಿಡ್ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿಯುತ್ತಿದ್ದವನು. ಆಗ ಎಎಂಎಂ ಎಂಬ ಪ್ರಯೋಗಶೀಲ ಸಂಗೀತ ತಂಡದಲ್ಲಿ ಕೀತ್ ರೋ ಎಂಬ ಇನ್ನೊಬ್ಬ ಚಿತ್ರಕಾರರಿದ್ದರು. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿಕೊಂಡಂತೆ ಇವರು ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಕೈಗೆ ಸಿಕ್ಕ ಲೋಹದ ಸಾಮಾನುಗಳನ್ನೆಲ್ಲ ತಂತಿಯ ಮೇಲೆ ಇಟ್ಟು ಸದ್ದು ತೆಗೆಯುತ್ತಿದ್ದರು. 1966ರಲ್ಲಿ ಸಿಡ್ ಅದನ್ನು ಕಣ್ಣಾರೆ ಕಂಡ. ಜಿಪ್ಪೊ ಲೈಟರ್ ತಂತಿಗೆ ತಾಗಿದ್ದು ಆಮೇಲೆ. ಒಬ್ಬ ಚಿತ್ರಕಾರನಿಂದ ಇನ್ನೊಬ್ಬ ಚಿತ್ರಕಾರ ಕಲಿತ ಪಾಠ ಅದು.

ಇನ್ನು ಉಪಕರಣ. ಸಿಡ್ ನುಡಿಸುತ್ತಿದ್ದ ಫೆಂಡರ್ ಎಸ್ಕ್ವೈರ್ ಗಿಟಾರಿಗೆ ಇರುವುದು ತಂತಿಯ ಅಲುಗಾಟವನ್ನು ಹಿಡಿಯುವ ಒಂದೇ ಪಿಕಪ್, ಅದೂ ವೀಣೆಯಲ್ಲಿ ಕುದುರೆ ಎನ್ನುತ್ತೇವಲ್ಲ, ಆ ಜಾಗದ ಪಕ್ಕದಲ್ಲಿ. ಅಲ್ಲಿ ತಂತಿಯ ಅಲುಗಾಟ ಕಿರಿದು, ಆದ್ದರಿಂದ ನಾದ ತೆಳು, ಹರಿತ. ಬರೀ ಅದನ್ನೇ ಕೇಳಿದರೆ ಕಿವಿಗೆ ಚುಚ್ಚುತ್ತದೆ. ಸಿಡ್ ಅದನ್ನು ಬಿನ್ಸನ್ ಎಕೊರೆಕ್ ಎಂಬ ಇಟಲಿಯ ಪೆಟ್ಟಿಗೆಗೆ ಕೊಟ್ಟ. ಆ ಕಾಲದ ಬಹುಪಾಲು ಎಕೊ, ಅಂದರೆ ಮಾರ್ದನಿ, ಯಂತ್ರಗಳಲ್ಲಿ ಟೇಪ್ ಓಡುತ್ತಿತ್ತು. ಇದರಲ್ಲಿ ಟೇಪ್ ಇಲ್ಲ. ತಿರುಗುವ ಲೋಹದ ಚಕ್ರ, ಅದರ ಅಂಚಿಗೆ ಸುತ್ತಿದ ಉಕ್ಕಿನ ತಂತಿ. ಒಂದು ಹೆಡ್ ಸದ್ದನ್ನು ಅದರ ಮೇಲೆ ಬರೆಯುತ್ತದೆ, ಮುಂದೆ ಸಾಲಾಗಿರುವ ನಾಲ್ಕು ಹೆಡ್‌ಗಳು ಒಂದರ ಹಿಂದೊಂದು ಓದುತ್ತವೆ, ಅವುಗಳ ನಂತರದ ಇನ್ನೊಂದು ಅಳಿಸುತ್ತದೆ. ಕಟ್ಟಕಡೆಯ ಮಾರ್ದನಿ ಬರುವುದು ಸುಮಾರು 300 ಮಿಲಿಸೆಕೆಂಡ್ ತಡವಾಗಿ. ಯಾವ ಹೆಡ್ ಜೊತೆಗೆ ಯಾವ ಹೆಡ್ ಎಂದು ಆರಿಸಿಕೊಂಡರೆ ಒಂದೇ ಮೀಟಿಗೆ ಲಯವೇ ಕಟ್ಟಿಕೊಳ್ಳುತ್ತದೆ. ಮೋಟಾರಿನಿಂದ ಚಕ್ರಕ್ಕೆ ವೇಗ ದಾಟಿಸುವ ರಬ್ಬರ್ ಗಾಲಿ ಹಳೆಯದಾಗಿ ಗಟ್ಟಿಯಾದರೆ ಜಾರುತ್ತದೆ, ಶ್ರುತಿ ಓಲಾಡುತ್ತದೆ. ಇಂಥ ಯಂತ್ರವನ್ನು ಪಳಗಿಸಲು ತಲೆ ನೆಟ್ಟಗಿರಬೇಕು ಸ್ವಾಮಿ! ಮುಂದೆ ಗಿಲ್ಮೋರ್ ಕೂಡ ಇದೇ ಜಾತಿಯ ಪೆಟ್ಟಿಗೆಯನ್ನು ವರ್ಷಗಟ್ಟಲೆ ಬಳಸಿದರು. ನೀವು ಮೆಚ್ಚುವ ಆ ವಿಶಾಲ ನಾದಕ್ಕೆ ಅಡಿಪಾಯ ಯಾರದು, ನೀವೇ ಹೇಳಿ.

1967ರ ಮೇ ತಿಂಗಳಲ್ಲಿ ಬಿಬಿಸಿ ಟಿವಿಯಲ್ಲಿ ಹಾನ್ಸ್ ಕೆಲ್ಲರ್ ಎಂಬ ದೊಡ್ಡ ಸಂಗೀತ ವಿದ್ವಾಂಸರು ಸಿಡ್ ಮತ್ತು ತಂಡದ ಬೇಸ್ ವಾದಕ ರೋಜರ್ ವಾಟರ್ಸ್ ಇಬ್ಬರನ್ನೂ ಕೂರಿಸಿಕೊಂಡು, ಇಷ್ಟೊಂದು ಗದ್ದಲ ಯಾಕೆ ಎಂದು ಗದರಿದರು. ಹುಡುಗರು ತಾಳ್ಮೆಯಿಂದ ಉತ್ತರ ಕೊಟ್ಟರು. ನಿಮ್ಮ ಪತ್ರ ಓದುವಾಗ ಕೆಲ್ಲರ್ ನೆನಪಾದರು. ಬೈಗುಳವೆಂದು ತಿಳಿಯಬೇಡಿ, ಅವರ ಕಿವಿ ಬಹಳ ಸೂಕ್ಷ್ಮವಾಗಿತ್ತು.

ಸಿಡ್ ಸೋತದ್ದು ಎಲ್ಲಿ ಎಂಬುದೂ ಕೈಯಲ್ಲೇ ಕಾಣುತ್ತದೆ. ಸಾಮಾನ್ಯವಾಗಿ ಮೊದಲು ಡ್ರಮ್ಸ್ ಮತ್ತು ಬೇಸ್ ಮುದ್ರಿಸಿ, ಅದರ ಮೇಲೆ ಹಾಡು ಕೂರಿಸುತ್ತಾರೆ. 1970ರಲ್ಲಿ ಹೊರಬಂದ ಅವನ ಮೊದಲ ಸ್ವಂತ ಆಲ್ಬಂನ ಕೆಲವು ಹಾಡುಗಳಲ್ಲಿ ಇದು ತಿರುವುಮುರುವಾಯಿತು. ಅವನು ಒಬ್ಬನೇ ಗಿಟಾರ್ ಹಿಡಿದು ಹಾಡಿದ್ದರ ಮೇಲೆ ಸಾಫ್ಟ್ ಮಷೀನ್ ತಂಡದವರು ಆಮೇಲೆ ನುಡಿಸಿದರು. ಅವನು ಸಾಲಿಗೊಮ್ಮೆ ಅರ್ಧ ಮಾತ್ರೆ ಹೆಚ್ಚು ಕಮ್ಮಿ ಮಾಡಿದಾಗಲೆಲ್ಲ ಡ್ರಮ್ಸ್ ಹಿಂದಿನಿಂದ ಓಡೋಡಿ ಬಂದು ಕೂಡಿಕೊಳ್ಳುತ್ತದೆ. ಯಾವ ಶ್ರುತಿ ಎಂದು ಕೇಳಿದರೆ ‘ಹೂಂ’ ಎನ್ನುತ್ತಿದ್ದನಂತೆ. ಆ ಆಲ್ಬಂನ ಉಳಿದ ಹಾಡುಗಳಲ್ಲಿ ಕೆಲವನ್ನೂ, ಮುಂದಿನ ಆಲ್ಬಂ ಅನ್ನೂ ಕೂತು ಮಾಡಿಸಿದವರಲ್ಲಿ ಒಬ್ಬರು ಇದೇ ಗಿಲ್ಮೋರ್, ಕೇಂಬ್ರಿಡ್ಜ್‌ನಲ್ಲಿ ಸಿಡ್ ಜೊತೆಗೇ ಗಿಟಾರ್ ತಿದ್ದಿದ ಗೆಳೆಯ. ನೀವು ಅವರಿಬ್ಬರಿಗೆ ಕುಸ್ತಿ ಹಚ್ಚುತ್ತಿದ್ದೀರಿ.

1975ರಲ್ಲಿ ಆತ ತಲೆ, ಹುಬ್ಬು ಬೋಳಿಸಿಕೊಂಡು ಸ್ಟುಡಿಯೊಗೆ ಬಂದದ್ದು, ಹಳೆಯ ಗೆಳೆಯರಿಗೆ ಗುರುತೇ ಸಿಗದೆ ಹೋದದ್ದು, ಇದನ್ನು ನೂರು ಸಲ ಓದಿದ್ದೇವೆ. 2006ರ ಜುಲೈ 7ರಂದು 60ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಎಲ್ಲೆಲ್ಲೂ ಅದೇ ಕಥೆ. ದಶಕಗಳ ಕಾಲ ಕೇಂಬ್ರಿಡ್ಜ್‌ನಲ್ಲಿ ರೋಜರ್ ಎಂಬ ಹುಟ್ಟುಹೆಸರಿನಲ್ಲಿ ಚಿತ್ರ ಬರೆಯುತ್ತ, ತೋಟ ನೋಡಿಕೊಳ್ಳುತ್ತ ಇದ್ದ ಮನುಷ್ಯನಿಗೆ ‘ಹುಚ್ಚ’ ಎಂಬ ಹಣೆಪಟ್ಟಿ. ನಾವೇನು ಕಮ್ಮಿಯೇ? ನಮ್ಮಲ್ಲಿ ಒಬ್ಬ ಭಾಗವತರು ತೀರಿಕೊಂಡರೆ ಕುಡಿತ, ಕಡುಬಡತನ, ಮುಂಗೋಪ ಎಲ್ಲಕ್ಕೂ ಕಾಲಂ ಸಿಗುತ್ತದೆ. ಅವರು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕಪ್ಪು ಎರಡರ ಶ್ರುತಿಯಲ್ಲಿ ಹಾಡುತ್ತಿದ್ದರೋ ಬಿಳಿ ಐದರಲ್ಲೋ, ಆ ಒಂದು ಸಾಲು ಹುಡುಕಿದರೂ ಸಿಗದು. ಹಾರ್ಮೋನಿಯಂ ಮಾಸ್ತರರು ಹೋದರೆ ಪೆಟ್ಟಿಗೆ ಗುಜರಿಗೆ, ಮಾಸ್ತರರು ‘ಅನನ್ಯ ಚೇತನ’ದ ಪಟ್ಟಿಗೆ. ನಮ್ಮ ಪತ್ರಿಕೆಯೂ ಈ ಪಾಪದಲ್ಲಿ ಪಾಲುದಾರ.

ಈಗ ಮಗನ ಕರಕರ. ವೀಣೆಯಂಥ ಗೋಟುವಾದ್ಯಕ್ಕೆ ಮೆಟ್ಟಿಲುಗಳಿಲ್ಲ (ಗಿಟಾರಿನಲ್ಲಿ ಫ್ರೆಟ್ ಎನ್ನುತ್ತಾರೆ), ಕೋಲು ಎಷ್ಟು ಜಾರಿಸಿದರೂ ತಡೆಯಿಲ್ಲ. ಗಿಟಾರಿಗೆ ಇವೆ. ಲೈಟರ್ ಒತ್ತಿದರೆ ತಂತಿ ಬಗ್ಗಿ ಮೆಟ್ಟಿಲಿಗೆ ಬಡಿಯುತ್ತದೆ, ಅದೇ ಕರಕರ. ಒತ್ತಬಾರದು, ತಂತಿಯ ಮೇಲೆ ಸುಮ್ಮನೆ ಕೂರಿಸಬೇಕು. ಸ್ವರ ಸಿಗುವುದು ಎರಡು ಮೆಟ್ಟಿಲುಗಳ ನಡುವೆ ಅಲ್ಲ, ಸರಿಯಾಗಿ ಮೆಟ್ಟಿಲಿನ ನೆತ್ತಿಯ ಮೇಲೆ. ಲೈಟರಿನ ಹಿಂದೆ, ಗಿಟಾರಿನ ತಲೆಯ ಕಡೆಗೆ, ಒಂದು ಬೆರಳು ಹಗುರವಾಗಿ ತಂತಿ ಮುಟ್ಟಿರಲಿ, ಇಲ್ಲದಿದ್ದರೆ ಆ ಕಡೆಯ ತುಂಡೂ ಅಪಸ್ವರ ಗುನುಗುತ್ತದೆ. 0.009 ಇಂಚಿನ ತಂತಿ ಹಾಕಿದ್ದರೆ 0.011ಕ್ಕೆ ಬದಲಿಸಲಿ. ಗಿಟಾರಿನ ಕುತ್ತಿಗೆಯ ಮೇಲ್ಮೈ ತುಸು ಉಬ್ಬು, ಲೈಟರ್ ಚಪ್ಪಟೆ, ಹಾಗಾಗಿ ಆರೂ ತಂತಿ ಒಟ್ಟಿಗೆ ಸರಿಯಾಗಿ ತಾಗುವುದಿಲ್ಲ. ಎರಡೋ ಮೂರೋ ಸಿಕ್ಕರೆ ಸಾಕು. ಎಕೊ ಪೆಡಲ್ ಇದ್ದರೆ 300 ಮಿಲಿಸೆಕೆಂಡಿಗೆ ಇಟ್ಟು ನಿಮಿಷಕ್ಕೆ 100 ತಾಳದಲ್ಲಿ ನುಡಿಸಲಿ, ಮಾರ್ದನಿ ಕರಾರುವಾಕ್ಕಾಗಿ ಅರ್ಧ ತಾಳಕ್ಕೆ ಬೀಳುತ್ತದೆ. ಫೀಡ್‌ಬ್ಯಾಕ್ ಗುಂಡಿಯನ್ನು ಪೂರ್ತಿ ತಿರುಗಿಸಬಾರದು, ಮಾರ್ದನಿ ತನ್ನನ್ನೇ ತಾನು ತಿಂದು ಊಳಿಡುತ್ತದೆ. ಕೊನೆಯದಾಗಿ, ಲೈಟರಿನ ಒಳಗಿನ ಹತ್ತಿ ಬತ್ತಿಯ ಭಾಗವನ್ನು ಎಳೆದು ತೆಗೆಯಲಿ, ಎಣ್ಣೆ ಗಿಟಾರಿನ ಮೇಲೆ ಸೋರಬಾರದು. ಮುಚ್ಚಳಕ್ಕೆ ಒಂದು ರಬ್ಬರ್ ಬ್ಯಾಂಡ್ ಬಿಗಿಯಲಿ. ನಿಮಗೆ ಕೇಳುತ್ತಿರುವ ಕರಕರದಲ್ಲಿ ಅರ್ಧ ಅದರ ಕೀಲಿನದೇ ಇರಬಹುದು.

— ಸಂ.