ಅಮೆರಿಕದಲ್ಲಿ ಪಾರ್ಟ್ ಟೈಮ್ ಕೆಲಸ ಕೊಟ್ಟವರು ಮೊದಲೇ ಚೆಕ್ ಕಳುಹಿಸಿದ್ದಾರೆ, ದುಡ್ಡೂ ಅಕೌಂಟಿಗೆ ಬಂದಿದೆ. ನಂಬಬಹುದಾ?

ಝೆಲ್ (ಬ್ಯಾಂಕ್ ಆ್ಯಪ್‌ನಿಂದಲೇ ಇನ್ನೊಬ್ಬರಿಗೆ ತಕ್ಷಣ ದುಡ್ಡು ಕಳುಹಿಸುವ ವ್ಯವಸ್ಥೆ) ಮಾಡಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ, ಮೊದಲು ಆ ಆ್ಯಪ್ ಮುಚ್ಚಿ.

ನೀವು ಬರೆದದ್ದನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಟೆಕ್ಸಾಸ್‌ನಲ್ಲಿ ಎಂ.ಎಸ್., ಮೊದಲ ಸೆಮಿಸ್ಟರ್. ಯೂನಿವರ್ಸಿಟಿ ಮೇಲ್‌ಗೆ ನಿಮ್ಮ ಡಿಪಾರ್ಟ್‌ಮೆಂಟಿನ ಪ್ರೊಫೆಸರ್ ಹೆಸರಿನಲ್ಲಿ ಒಂದು ಮೇಲ್ ಬಂತು. ಮನೆಯಿಂದಲೇ ಕೆಲಸ, ವಾರಕ್ಕೆ 6 ಗಂಟೆ, 400 ಡಾಲರ್. ಹೂಂ ಅಂದಿರಿ. 2,850 ಡಾಲರಿನ ಚೆಕ್ ಪೋಸ್ಟಿನಲ್ಲಿ ಬಂತು. ಮೊಬೈಲ್‌ನಲ್ಲಿ ಫೋಟೊ ತೆಗೆದು ಬ್ಯಾಂಕ್ ಆ್ಯಪ್‌ನಲ್ಲಿ ಹಾಕಿದಿರಿ. ಇವತ್ತು ದುಡ್ಡು ಕಾಣುತ್ತಿದೆ. 400 ಇಟ್ಟುಕೊಂಡು ಉಳಿದ 2,450 ಡಾಲರನ್ನು, ಕೆಲಸಕ್ಕೆ ಬೇಕಾದ ಲ್ಯಾಪ್‌ಟಾಪ್ ಮಾರುವವನಿಗೆ ಸಂಜೆ ಐದರೊಳಗೆ ಝೆಲ್ ಮಾಡಬೇಕಂತೆ. "ದುಡ್ಡು ಬಂದೇ ಬಿಟ್ಟಿದೆಯಲ್ಲ, ಇನ್ನು ಮೋಸ ಎಲ್ಲಿಂದ?" ಅಂತ ಕೇಳಿದ್ದೀರಿ.

ನಾನೂ 2018ರಲ್ಲಿ ಹೀಗೇ ಅಂದುಕೊಂಡಿದ್ದೆ. ಆಗ ಓಹಾಯೊದಲ್ಲಿ ಓದುತ್ತಿದ್ದೆ, ನಂದೂ ಮೊದಲ ಸೆಮಿಸ್ಟರ್. ಅಕೌಂಟಿನಲ್ಲಿ 612 ಡಾಲರ್ ಇತ್ತು. ಚೆಕ್ 2,480 ಡಾಲರಿನದು. ಅದರಲ್ಲಿ ನನಗೆ 300, ಉಳಿದದ್ದು "ಸಾಫ್ಟ್‌ವೇರ್ ವೆಂಡರ್"ಗೆ. ಮರುದಿನ 200 ಡಾಲರ್ ಕಂಡಿತು, ಇನ್ನೆರಡು ದಿನಕ್ಕೆ ಪೂರ್ತಿ ಕಂಡಿತು. ನನ್ನ ಅಕೌಂಟಿಗೆ ಝೆಲ್ ಮಿತಿ ದಿನಕ್ಕೆ 1,000 ಇತ್ತು. ಶುಕ್ರವಾರ ಸಾವಿರ, ಶನಿವಾರ ಸಾವಿರ ಕಳುಹಿಸಿದೆ. ಚಳಿ ಶುರುವಾಗಿತ್ತು, ಕೆಲಸ ಸಿಕ್ಕಿತಲ್ಲ ಅಂತ ಭಾನುವಾರ 84 ಡಾಲರ್ ಕೊಟ್ಟು ಒಂದು ಕೋಟು ತಗೊಂಡೆ.

ಬುಧವಾರ ಬೆಳಗ್ಗೆ ಬಸ್ಸಿನಲ್ಲಿ ಕೂತು ಆ್ಯಪ್ ತೆಗೆದೆ. ಮೈನಸ್ 1,484. ಚೆಕ್ ವಾಪಸ್ ಹೋಗಿತ್ತು, ಅದಕ್ಕೆ 12 ಡಾಲರ್ ಫೀಸ್ ಬೇರೆ. ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿತ್ತು, ಗೊತ್ತೇ ಆಗಲಿಲ್ಲ.

ಕೈಗೆ ಬಂದ ಮೇಲೆ ದುಡ್ಡು ಹೇಗೆ ವಾಪಸ್ ಹೋಗುತ್ತದೆ? ಈ ಮೋಸದ ಬೇರು ಇರುವುದೇ ಇಲ್ಲಿ. ನಮ್ಮವರು ಜಾಸ್ತಿ ಎಡವುವುದೂ ಇಲ್ಲೇ, ಯಾಕೆಂದರೆ ನಮ್ಮ ತಲೆಯಲ್ಲಿರುವುದು ಊರಿನ ಲೆಕ್ಕ. ನಮ್ಮದು ಅಡಿಕೆ ತೋಟ. ಮಂಡಿಯವರು ಚೆಕ್ ಕೊಟ್ಟರೆ ಅಪ್ಪ ಬ್ಯಾಂಕಿಗೆ ಹಾಕಿ ಬಂದು ಸುಮ್ಮನಿರುತ್ತಿದ್ದರು. ಎರಡು ದಿನ ಬಿಟ್ಟು "ಚೆಕ್ ಪಾಸಾಯ್ತಾ?" ಅಂತ ವಿಚಾರಿಸುತ್ತಿದ್ದರು. ಪಾಸಾದರೆ ಮಾತ್ರ ದುಡ್ಡು, ಇಲ್ಲದಿದ್ದರೆ ಬೌನ್ಸ್. ಪಾಸಾಗುವ ತನಕ ಆ ದುಡ್ಡು ಮುಟ್ಟಲು ಸಿಗುವುದೇ ಇಲ್ಲ. ಹಾಗಾಗಿ ಅಕೌಂಟಿನಲ್ಲಿ ದುಡ್ಡು ಕಂಡರೆ ಚೆಕ್ ಪಾಸಾಗಿದೆ ಅಂತಲೇ ನಾವು ತಿಳಿಯುತ್ತೇವೆ.

ಅಮೆರಿಕದಲ್ಲಿ ಹಾಗಲ್ಲ. ಹಿಂದೆ ಅಲ್ಲಿನ ಬ್ಯಾಂಕುಗಳು ಚೆಕ್ ಹಾಕಿದವರ ದುಡ್ಡನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತಿದ್ದವು. ಜನ ಬೈದರು, 1987ರಲ್ಲಿ ಕಾನೂನು ಬಂತು. ಅದರ ನಿಯಮಕ್ಕೆ ರೆಗ್ಯುಲೇಷನ್ ಸಿಸಿ ಅಂತ ಹೆಸರು. ಅದರ ಪ್ರಕಾರ ಸಾಮಾನ್ಯ ಚೆಕ್ಕಿನ ಮೊದಲ 275 ಡಾಲರನ್ನು (2025ರ ಜುಲೈಗೆ ಮೊದಲು 225 ಇತ್ತು) ಬ್ಯಾಂಕ್ ಮುಂದಿನ ಕೆಲಸದ ದಿನವೇ ಬಿಡಬೇಕು. ಉಳಿದದ್ದನ್ನು ಹೆಚ್ಚಾಗಿ ಎರಡು ಕೆಲಸದ ದಿನದಲ್ಲಿ ಬಿಡುತ್ತಾರೆ. ಮೊಬೈಲ್‌ನಲ್ಲಿ ಹಾಕಿದ ಚೆಕ್ಕಿಗೂ ಬಹಳಷ್ಟು ಬ್ಯಾಂಕುಗಳು ಸುಮಾರಾಗಿ ಇದೇ ಲೆಕ್ಕ ಹಿಡಿಯುತ್ತವೆ. ಚೆಕ್ ಯಾವ ಬ್ಯಾಂಕಿನದೋ ಆ ಬ್ಯಾಂಕು "ಇದು ನಮ್ಮದಲ್ಲ" ಅಂತ ಹೇಳುವುದು ಎಷ್ಟೋ ಸಲ ಇದಾದ ಮೇಲೆ. ಕೆಲವು ದಿನ ಆಗಬಹುದು, ವಾರಗಳೂ ಆಗಬಹುದು. ಅಲ್ಲಿಯವರೆಗೆ ನಿಮ್ಮ ಬ್ಯಾಂಕ್ ತನ್ನ ಕೈಯಿಂದ ನಿಮಗೆ ಸಾಲ ಕೊಟ್ಟ ಹಾಗೆ. ಆ್ಯಪ್‌ನಲ್ಲಿ "ಅವೈಲಬಲ್" ಅಂತ ಬರೆದಿದ್ದರೆ ತೆಗೆಯಲು ಸಿಗುತ್ತದೆ ಅಂತ ಮಾತ್ರ ಅರ್ಥ. ಪಾಸಾಯಿತು ಅಂತ ಅಲ್ಲ.

ಕಳ್ಳರು ಆಡುವುದು ಈ ನಡುವಿನ ದಿನಗಳಲ್ಲೇ. ಸಂಜೆ ಐದರ ಗಡುವು ಅದಕ್ಕೇ. ನೀವು ಕಳುಹಿಸುವ ದುಡ್ಡು ಅಸಲಿ, ಅವನು ಕೊಟ್ಟ ಚೆಕ್ ನಕಲಿ. ಚೆಕ್ ಹಾಕಿದವರು ನೀವು, ಹಾಗಾಗಿ ಬ್ಯಾಂಕ್ ನಿಮ್ಮನ್ನೇ ಹಿಡಿಯುತ್ತದೆ. ಝೆಲ್ ಮಾಡಿದ್ದೂ ನೀವೇ, ಯಾರೂ ಹ್ಯಾಕ್ ಮಾಡಿಲ್ಲ. ಹಾಗಾಗಿ ಅದನ್ನು ವಾಪಸ್ ಕೊಡಿಸುವುದು ಬಹಳ ಕಷ್ಟ. ನನಗಂತೂ ಸಿಗಲಿಲ್ಲ.

"ನಂದು ಕ್ಯಾಷಿಯರ್ಸ್ ಚೆಕ್, ನಮ್ಮ ಡಿಡಿ ಇದ್ದ ಹಾಗೆ, ಅದು ಬೌನ್ಸ್ ಆಗಲ್ಲ" ಅಂತ ಇನ್ನೊಬ್ಬರು ನನಗೆ ಬರೆದಿದ್ದರು. ಅಸಲಿಯಾದರೆ ಆಗಲ್ಲ, ಸರಿ. ಪ್ರಿಂಟ್ ಹೊಡೆದದ್ದಾದರೆ? ಕ್ಯಾಷಿಯರ್ಸ್ ಚೆಕ್ಕಿನ ದುಡ್ಡನ್ನು ಬ್ಯಾಂಕ್ ಇನ್ನೂ ಬೇಗ ಬಿಡುತ್ತದೆ ಅಂತಲೇ ಕಳ್ಳರಿಗೆ ಅದು ಇಷ್ಟ.

ಮೊಬೈಲ್‌ನಲ್ಲಿ ಹಾಕಿದ್ದರಿಂದ ನನ್ನ ಚೆಕ್ಕಿನ ಕಾಗದ ನನ್ನ ಹತ್ತಿರವೇ ಉಳಿಯಿತು. ಆಮೇಲೆ ದೀಪದ ಕೆಳಗೆ ಹಿಡಿದು ನೋಡಿದೆ. ನಾಲ್ಕೂ ಅಂಚು ನುಣ್ಣಗಿದ್ದವು. ಚೆಕ್ ಬುಕ್ಕಿನಿಂದ ಹರಿದದ್ದಾದರೆ ಒಂದು ಕಡೆಯಾದರೂ ಸಣ್ಣ ಹಲ್ಲಿನಂಥ ಅಂಚು ಇರಬೇಕಲ್ವಾ? ಬ್ಯಾಂಕಿನ ಲೋಗೊ ಸ್ವಲ್ಪ ಮಸುಕು. ಎಲ್ಲಕ್ಕಿಂತ ದೊಡ್ಡದು, ಚೆಕ್ ಬರೆದವರ ಹೆಸರು. ನನಗೂ ಕೆಲಸ ಕೊಟ್ಟದ್ದು ನಮ್ಮ ಪ್ರೊಫೆಸರ್ ಹೆಸರಿನಲ್ಲಿ, ಚೆಕ್ ಮಾತ್ರ ಬೇರೆ ಯಾವುದೋ ರಾಜ್ಯದ ಟೈಲ್ಸ್ ಅಂಗಡಿಯದು! ಕೇಳಿದ್ದಕ್ಕೆ ಮೇಲ್ ಬರೆದವನು "ಅವರು ನಮ್ಮ ಪ್ರಾಜೆಕ್ಟಿನ ಸ್ಪಾನ್ಸರ್" ಅಂದ. ನಾನು ನಂಬಿದೆ. ಮೈನಸ್ ಆದ ಮೇಲೆ ಆ ಅಂಗಡಿಯ ನಂಬರ್ ಹುಡುಕಿ ಫೋನ್ ಮಾಡಿದೆ. ನಾನು ಮಾತು ಮುಗಿಸುವ ಮೊದಲೇ ಆ ಕಡೆಯ ಹೆಂಗಸು "ಚೆಕ್ ವಿಷಯನಾ?" ಅಂದರು. ಅವರ ಅಕೌಂಟ್ ನಂಬರ್ ಕದ್ದು ಯಾರೋ ಚೆಕ್ ಛಾಪಿಸುತ್ತಿದ್ದರು. ನನ್ನಂಥ ಎಷ್ಟೋ ಜನ ಫೋನ್ ಮಾಡಿದ್ದರಂತೆ.

ಹಾಗಂತ ಚೆಕ್ ಪರೀಕ್ಷೆ ಮಾಡುವ ಪಂಡಿತರಾಗಲು ಹೋಗಬೇಡಿ. ಚೆಕ್ಕಿನ ಕೆಳಗೆ ಇರುವ, ಬ್ಯಾಂಕ್ ಯಾವುದು ಅಂತ ತೋರಿಸುವ 9 ಅಂಕಿಯ ರೌಟಿಂಗ್ ನಂಬರ್ ಸರಿಯಾಗಿಯೇ ಇರಬಹುದು, ಅಕೌಂಟೂ ನಿಜದ್ದೇ ಇರಬಹುದು. ಚೆನ್ನಾಗಿ ಮಾಡಿದ ನಕಲಿಗೆ ಬ್ಯಾಂಕಿನವರೇ ಮೋಸ ಹೋಗುತ್ತಾರೆ. ನೋಡಬೇಕಾದದ್ದು ದುಡ್ಡು ಹೋಗುವ ದಾರಿಯನ್ನು. ಕೆಲಸ ಶುರುವಾಗುವ ಮೊದಲೇ ದುಡ್ಡು ಕೊಟ್ಟು, ಅದರಲ್ಲಿ ಇಷ್ಟು ಇನ್ನೊಬ್ಬರಿಗೆ ಕಳುಹಿಸು ಅನ್ನುವ ಮಾಲೀಕ ಲೋಕದಲ್ಲಿ ಎಲ್ಲೂ ಇಲ್ಲ. ಲ್ಯಾಪ್‌ಟಾಪ್ ಬೇಕಾದರೆ ಕಂಪನಿ ತಾನೇ ಕೊಂಡು ಕೊಡುತ್ತದೆ. ಝೆಲ್ ಬದಲು ಗಿಫ್ಟ್ ಕಾರ್ಡ್ ಅನ್ನಬಹುದು, ಬಿಟ್‌ಕಾಯಿನ್ ಅನ್ನಬಹುದು. ಕೆಲಸದ ಹೆಸರೂ ಬದಲಾಗುತ್ತದೆ: ಮಿಸ್ಟರಿ ಶಾಪರ್ (ಗಿರಾಕಿಯ ಹಾಗೆ ಹೋಗಿ ಅಂಗಡಿ ಪರೀಕ್ಷಿಸುವುದು), ಕಾರಿಗೆ ಜಾಹೀರಾತಿನ ಸ್ಟಿಕ್ಕರ್ ಅಂಟಿಸುವುದು, ನಾಯಿ ನೋಡಿಕೊಳ್ಳುವುದು. ಚೆಕ್ ಮಾತ್ರ ಇದ್ದೇ ಇರುತ್ತದೆ.

ಇನ್ನು ಆ ಮೇಲ್. ನಿಮ್ಮದರಲ್ಲೂ ಪ್ರೊಫೆಸರ್ ಹೆಸರು ಮಾತ್ರ ಸರಿ ಇದೆ, ಅಡ್ರೆಸ್ ಜಿಮೇಲ್‌ನದು ಅಂದಿದ್ದೀರಿ. ಎರಡನೇ ಮೇಲ್‌ಗೇ "ನಿನ್ನ ಪರ್ಸನಲ್ ಮೇಲ್, ಫೋನ್ ನಂಬರ್ ಕೊಡು" ಅಂದನಲ್ಲ, ಅದು ಯೂನಿವರ್ಸಿಟಿ ಐಟಿಯವರ ಕಣ್ಣು ತಪ್ಪಿಸಲು. ನನ್ನವನು ಪ್ರತಿ ಸಾಲಿಗೂ "ಕೈಂಡ್ಲಿ" ಬರೆಯುತ್ತಿದ್ದ. ಅಮೆರಿಕದವರು ಅಷ್ಟೊಂದು ಬರೆಯಲ್ಲ. ನಾವು ಬರೆಯುತ್ತೇವೆ, ಅದಕ್ಕೇ ನನಗೆ ಅನುಮಾನ ಬರಲಿಲ್ಲ!

ನಾಚಿಕೆಯ ವಿಷಯ ಅಂದರೆ, ಆ ಪ್ರೊಫೆಸರ್ ರೂಮು ನಾನು ಕೂರುತ್ತಿದ್ದ ಲ್ಯಾಬಿನಿಂದ ಎರಡು ಮಹಡಿ ಮೇಲಿತ್ತು. ಮೆಟ್ಟಿಲು ಹತ್ತಿ "ಸರ್, ಇದು ನೀವೇ ಕಳುಹಿಸಿದ್ದಾ?" ಅಂತ ಕೇಳಿದ್ದರೆ ಮುಗಿಯುತ್ತಿತ್ತು. ಅಷ್ಟು ದೊಡ್ಡ ಮನುಷ್ಯರಿಗೆ ತೊಂದರೆ ಕೊಡುವುದು ಹೇಗೆ ಅಂತ ಸುಮ್ಮನಾದೆ. ಆಮೇಲೆ ಹೋದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ತಮ್ಮ ಹೆಸರಿನ ಈ ಮೇಲ್ ಬಗ್ಗೆ ಆಗಲೇ ಇಬ್ಬರು ಬಂದು ಕೇಳಿದ್ದಾರೆ ಅಂದರು. ನೀವು ಇವತ್ತೇ ಹೋಗಿ ಕೇಳಿ.

ನಿಮ್ಮದು ಎಫ್-1, ಅಂದರೆ ವಿದ್ಯಾರ್ಥಿ ವೀಸಾ ಅಲ್ವಾ? ಹಾಗಾದರೆ ಇದನ್ನೂ ಯೋಚಿಸಿ. ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು. ಕ್ಯಾಂಪಸ್ಸಿನ ಹೊರಗೆ ಅನುಮತಿ ಇಲ್ಲದೆ ಮಾಡುವಂತಿಲ್ಲ. ನಿಜವಾದ ಕ್ಯಾಂಪಸ್ ಕೆಲಸದಲ್ಲಿ ಐ-9 ಫಾರಂ (ಕೆಲಸ ಮಾಡಲು ಅನುಮತಿ ಇದೆಯಾ ಅಂತ ನೋಡುವುದು) ತುಂಬಿಸಿ ಪಾಸ್‌ಪೋರ್ಟ್ ಎದುರಿಗೇ ನೋಡುತ್ತಾರೆ, ಡಬ್ಲ್ಯೂ-4 (ಸಂಬಳದ ತೆರಿಗೆಯ ಫಾರಂ) ಕೊಡುತ್ತಾರೆ, ಸೋಶಿಯಲ್ ಸೆಕ್ಯುರಿಟಿ ನಂಬರಿಗೆ (ಕೆಲಸ, ತೆರಿಗೆಗೆ ಬೇಕಾದ ಸರ್ಕಾರಿ ಗುರುತಿನ ನಂಬರ್) ಪತ್ರ ಕೊಡುತ್ತಾರೆ. ಸಂಬಳ ಕೆಲಸ ಮಾಡಿದ ಮೇಲೆ. ಇಷ್ಟೆಲ್ಲ ರಗಳೆ ಇಲ್ಲದೆ ಎರಡು ಮೇಲ್‌ನಲ್ಲಿ ಕೆಲಸ ಸಿಕ್ಕಿತು ಅಂದರೆ ಅದು ಕೆಲಸ ಅಲ್ಲ. ಓದು ಮುಗಿದು ಒಪಿಟಿಯಲ್ಲಿ (ಓದಿದ ವಿಷಯದಲ್ಲೇ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿ) ಇರುವವರಿಗೂ ಇದೇ ಬಲೆ ಬೀಳುತ್ತದೆ. ಕೆಲಸ ಇಲ್ಲದೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ ಅನ್ನುವ ಗಾಬರಿ ಇರುತ್ತದಲ್ಲ, ಆಫರ್ ಲೆಟರ್ ನೋಡಿದ ಕೂಡಲೇ ಸಹಿ ಹಾಕುತ್ತಾರೆ.

ಈಗ ನೀವು ಮಾಡಬೇಕಾದದ್ದು. ಆ 2,850ರಲ್ಲಿ ಒಂದು ಡಾಲರೂ ಮುಟ್ಟಬೇಡಿ, ನಿಮ್ಮದು ಅಂದ 400 ಕೂಡ. ಬ್ರಾಂಚಿಗೆ ಹೋಗಿ "ನಾನು ಹಾಕಿದ ಚೆಕ್ ನಕಲಿ ಅಂತ ಅನುಮಾನ" ಅಂತ ನೇರವಾಗಿ ಹೇಳಿ. ಮೊದಲು ನೀವೇ ಹೋಗಿ ಹೇಳುವುದಕ್ಕೂ ಚೆಕ್ ವಾಪಸಾದ ಮೇಲೆ ಅವರು ಕರೆದು ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ನಾನು ಹೋಗದೆ ಕೂತೆ, ಬ್ಯಾಂಕಿನವರು ನನ್ನ ಅಕೌಂಟನ್ನೇ ಮುಚ್ಚಿದರು. ಚೆಕ್ಸ್‌ಸಿಸ್ಟಮ್ಸ್ ಅಂತ ಒಂದಿದೆ, ಅಕೌಂಟಿನಲ್ಲಿ ತೊಂದರೆ ಆದವರ ದಾಖಲೆ ಇಡುವ ಸಂಸ್ಥೆ, ಅಲ್ಲಿ ಹೆಸರು ಸೇರಿದರೆ 5 ವರ್ಷ ಉಳಿಯುತ್ತದೆ. ಬೇರೆ ಬ್ಯಾಂಕಿನಲ್ಲಿ ಹೊಸ ಅಕೌಂಟ್ ಕೊಡುವಾಗ ಅದನ್ನು ನೋಡುತ್ತಾರೆ. ಕ್ಯಾಂಪಸ್ ಡೈನಿಂಗ್ ಹಾಲಿನಲ್ಲಿ ತಟ್ಟೆ ತೊಳೆದು ನಾಲ್ಕು ತಿಂಗಳಲ್ಲಿ ಆ 1,484 ತೀರಿಸಿದೆ.

ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟಿದ್ದರೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರು ಕ್ರೆಡಿಟ್ ಸಂಸ್ಥೆಗಳಲ್ಲೂ ಕ್ರೆಡಿಟ್ ಫ್ರೀಜ್ (ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ತೆಗೆಯದ ಹಾಗೆ ತಡೆ) ಮಾಡಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಕೊಟ್ಟಿದ್ದರೆ ಈ ಕ್ಷಣ ಬದಲಿಸಿ. ಗ್ರಾಹಕರ ಮೋಸದ ದೂರು ತೆಗೆದುಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ರಿಪೋರ್ಟ್‌ಫ್ರಾಡ್ ಸೈಟಿನಲ್ಲಿ, ಎಫ್‌ಬಿಐನ ಇಂಟರ್‌ನೆಟ್ ಅಪರಾಧದ ದೂರು ಕೇಂದ್ರ ಐಸಿ3ಯಲ್ಲಿ ದೂರು ಹಾಕಿ. ಚೆಕ್ ಪೋಸ್ಟಿನಲ್ಲಿ ಬಂದಿದೆ, ಹಾಗಾಗಿ ಅಂಚೆ ಮೂಲಕದ ಮೋಸ ತನಿಖೆ ಮಾಡುವ ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವಿಸ್‌ಗೂ ತಿಳಿಸಿ. ಯೂನಿವರ್ಸಿಟಿಯ ಐಟಿ ಮತ್ತು ಇಂಟರ್‌ನ್ಯಾಷನಲ್ ಆಫೀಸಿಗೆ ಹೇಳಲು ಹೆದರಬೇಡಿ. ಮೋಸ ಹೋದದ್ದು ತಪ್ಪಲ್ಲ. ಮೋಸ ಅಂತ ಗೊತ್ತಾದ ಮೇಲೂ ದುಡ್ಡು ದಾಟಿಸಿದರೆ ಮಾತ್ರ ಕಷ್ಟ.

ಮನೆಗೂ ಹೇಳಿ. ನಾನು ತಿಂಗಳುಗಟ್ಟಲೆ ಮುಚ್ಚಿಟ್ಟೆ. ಕೊನೆಗೆ ಹೇಳಿದಾಗ ಅಪ್ಪ ಬೈಯಲಿಲ್ಲ. "ಮಂಡಿ ಚೆಕ್ ಪಾಸಾಗೋ ಮೊದ್ಲು ನಾನು ಯಾವತ್ತಾದ್ರೂ ಗೊಬ್ಬರ ತಂದಿದ್ನಾ?" ಅಂತ ಕೇಳಿದರು ಅಷ್ಟೆ.

ಬ್ರಾಂಚಿಗೆ ಹೋಗುವಾಗ ಚೆಕ್, ಅದು ಬಂದ ಲಕೋಟೆ, ಮೆಸೇಜುಗಳ ಸ್ಕ್ರೀನ್‌ಶಾಟ್ ಮೂರನ್ನೂ ಒಯ್ಯಿರಿ. ಐದು ಗಂಟೆಗೆ ಅವನ ಫೋನ್ ಬರುತ್ತದೆ. ಪೊಲೀಸ್, ಎಫ್‌ಬಿಐ, ವೀಸಾ ಕ್ಯಾನ್ಸಲ್ ಅಂತ ಹೆದರಿಸುತ್ತಾನೆ. ಎತ್ತಬೇಡಿ.