ನೌಕಾಧಿಕಾರಿಯ ಕಾಗದಪತ್ರಗಳು ಹಲವು ಕಡೆ ಏಕೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ನೌಕಾಪಡೆಯನ್ನು ಮುನ್ನಡೆಸಿದ ಅಡ್ಮಿರಲ್ ನಿಮಿಟ್ಜ್ ಅವರಿಗೆ ಸಂಬಂಧಿಸಿದ ದಾಖಲೆಗಳು ಹಲವು ಸಂಗ್ರಹಗಳಲ್ಲಿ ಹಂಚಿಹೋಗಿವೆ ಎಂದು ಓದಿದೆ. ಅವನ್ನೆಲ್ಲ ಒಂದೇ ಕಡೆ ಇಡಬಾರದೇಕೆ? ಅವರು ಓದಿದಂಥ ಸೈನಿಕ ಕಾಲೇಜೊಂದು ತನ್ನ ವಿದ್ಯಾರ್ಥಿಗಳ ಹಳೆಯ ಪ್ರಬಂಧಗಳನ್ನು ಕಾಪಾಡಿಕೊಂಡು ಬರುವುದರಿಂದ ಪ್ರಯೋಜನವೇನು?

ಉತ್ತರ: ಕಾಗದ ಯಾರನ್ನು ಕುರಿತದ್ದು ಎನ್ನುವುದಕ್ಕಿಂತ ಅದು ಯಾವ ಕಚೇರಿಯಲ್ಲಿ, ಯಾವ ಕೆಲಸದ ನಡುವೆ ಹುಟ್ಟಿತು ಎನ್ನುವುದನ್ನು ನೋಡಿ ಪತ್ರಾಗಾರಗಳು ದಾಖಲೆಗಳನ್ನು ಜೋಡಿಸುತ್ತವೆ. ನೇಮಕ, ವರ್ಗಾವಣೆ, ಬಡ್ತಿಗಳ ವಿವರವಿರುವ ಸೇವಾ ಕಡತ ಸರ್ಕಾರದ ಸ್ವತ್ತು. ಅಮೆರಿಕದಲ್ಲಿ ಇಂಥ ಹಳೆಯ ಕಡತಗಳು ಸೇಂಟ್ ಲೂಯಿಸ್ ನಗರದಲ್ಲಿದ್ದು, ಸಾಮಾನ್ಯವಾಗಿ ಸೇವೆಯಿಂದ ಹೊರಬಂದು 62 ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. 1973ರ ಜುಲೈ 12ರಂದು ಅಲ್ಲಿ ಹೊತ್ತಿಕೊಂಡ ಬೆಂಕಿಯಲ್ಲಿ ಭೂಸೇನೆ ಮತ್ತು ವಾಯುಪಡೆಯ ಸುಮಾರು 1.6ರಿಂದ 1.8 ಕೋಟಿ ಕಡತಗಳು ನಾಶವಾದರೂ ನೌಕಾಪಡೆಯವು ಉಳಿದವು ಎನ್ನುವುದು ಸಂಶೋಧಕರ ಅದೃಷ್ಟ. ಮನೆಯವರಿಗೆ ಬರೆದ ಪತ್ರ, ದಿನಚರಿಗಳ ಮಾತು ಬೇರೆ: ಅವು ಕುಟುಂಬದ ಆಸ್ತಿಯಾದ್ದರಿಂದ ಕುಟುಂಬ ಯಾರಿಗೆ ಒಪ್ಪಿಸುತ್ತದೆಯೋ ಅಲ್ಲಿಗೆ ಸೇರುತ್ತವೆ.

ಹೆಸರನ್ನಷ್ಟೇ ನಂಬಿದರೆ ದಾರಿ ತಪ್ಪುವುದೂ ಉಂಟು. ‘ನಿಮಿಟ್ಜ್ ಗ್ರೇ ಬುಕ್’ ಎಂದೇ ಹೆಸರಾದ, 1941ರ ಡಿಸೆಂಬರ್‌ನಿಂದ 1945ರ ಆಗಸ್ಟ್‌ವರೆಗಿನ ಸುಮಾರು 4,000 ಪುಟಗಳ ದಾಖಲೆ ಅವರ ಖಾಸಗಿ ದಿನಚರಿಯಲ್ಲ. ಪೆಸಿಫಿಕ್ ಯುದ್ಧದುದ್ದಕ್ಕೂ ಅವರ ಪ್ರಧಾನ ಕಚೇರಿಯ ಸಿಬ್ಬಂದಿ ಬರೆದಿಟ್ಟ ಕಚೇರಿ ದಾಖಲೆ.

ಇನ್ನು ಕಾಲೇಜಿನ ವಿಷಯ. ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ, ಹಿಂದೆ ಬಡವರ ಆಶ್ರಯಧಾಮವಾಗಿದ್ದ ಕಟ್ಟಡದಲ್ಲಿ, ನೌಕಾಧಿಕಾರಿ ಸ್ಟೀಫನ್ ಲೂಸ್ 1884ರಲ್ಲಿ, ನೌಕಾಧಿಕಾರಿಗಳಿಗೆ ಯುದ್ಧಕಲೆ ಕಲಿಸುವ ನೇವಲ್ ವಾರ್ ಕಾಲೇಜನ್ನು ಆರಂಭಿಸಿದಾಗ, ಹಡಗಿನಲ್ಲಿ ಕಲಿಯಬೇಕಾದದ್ದನ್ನು ತರಗತಿಯಲ್ಲಿ ಕಲಿಸುವುದೇಕೆ ಎಂದು ಕೇಳಿದ ಅಧಿಕಾರಿಗಳು ಕಡಿಮೆಯೇನೂ ಇರಲಿಲ್ಲ. ಅಲ್ಲಿ ಪಾಠ ಹೇಳಿದ ನೌಕಾಧಿಕಾರಿ ಆಲ್ಫ್ರೆಡ್ ಮಹಾನ್ ನೀಡಿದ ಉಪನ್ಯಾಸಗಳು 1890ರಲ್ಲಿ ಪುಸ್ತಕವಾಗಿ ಹೊರಬಂದು ಹಲವು ದೇಶಗಳ ನೌಕಾನೀತಿಯ ಮೇಲೆ ಪ್ರಭಾವ ಬೀರಿದವು. ಮುಂದೆ, ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ, ನೆಲವನ್ನೇ ಸಮುದ್ರವೆಂದು ಭಾವಿಸಿ, ಪುಟ್ಟ ಹಡಗುಗಳ ಮಾದರಿಗಳನ್ನು ಸರಿಸುತ್ತಾ ಜಪಾನ್ ವಿರುದ್ಧದ ಯುದ್ಧವನ್ನು ವಿದ್ಯಾರ್ಥಿಗಳು ಮತ್ತೆ ಮತ್ತೆ ಆಡಿನೋಡಿದರು. 1922–23ರ ತಂಡದಲ್ಲಿದ್ದ ನಿಮಿಟ್ಜ್, ಯುದ್ಧದ ಕೊನೆಯ ಹಂತದ ಕಾಮಿಕಾಜೆ ದಾಳಿಗಳನ್ನು (ವಿಮಾನವನ್ನೇ ಹಡಗಿಗೆ ಅಪ್ಪಳಿಸುವ ಜಪಾನೀಯರ ಆತ್ಮಾಹುತಿ ದಾಳಿ) ಬಿಟ್ಟರೆ ಬೇರೇನೂ ತಮಗೆ ಅನಿರೀಕ್ಷಿತವಾಗಿರಲಿಲ್ಲ ಎಂಬರ್ಥದ ಮಾತನ್ನು ಮುಂದೆ ಬರೆದರು. ಇದು ಹಳೆಯ ವಿದ್ಯಾರ್ಥಿಯ ಕೃತಜ್ಞತೆಯ ಮಾತು, ಅಕ್ಷರಶಃ ನಂಬಬೇಕಾಗಿಲ್ಲ. ಆ ಮಾತನ್ನು ಒರೆಗೆ ಹಚ್ಚಲು ಬೇಕಾದ ಸಾಮಗ್ರಿ ಆ ಆಟಗಳ ದಾಖಲೆ, ಉಪನ್ಯಾಸದ ಪ್ರತಿ ಮತ್ತು ಪ್ರಬಂಧಗಳಲ್ಲೇ ಇದೆ. ನೆನಪಿನ ಬರಹಕ್ಕೆ ಫಲಿತಾಂಶ ಮೊದಲೇ ಗೊತ್ತಿರುತ್ತದೆ, 1923ರ ಪ್ರಬಂಧಕ್ಕೆ ಗೊತ್ತಿರುವುದಿಲ್ಲ.

ತಾವು ಇಂಥ ಸಂಗ್ರಹದಲ್ಲಿ ಹುಡುಕುವುದಾದರೆ, ಮೊದಲು ಅದರಲ್ಲಿ ಏನೇನಿದೆ ಎಂದು ಹೇಳುವ ವಿವರಣಾ ಸೂಚಿಯನ್ನು ಓದಿ, ಅಧಿಕಾರಿಯ ಹೆಸರಿನ ಜೊತೆಗೆ ಆತ ಕಲಿತ ವರ್ಷ, ಕೆಲಸ ಮಾಡಿದ ಹಡಗು ಮತ್ತು ಕಚೇರಿಗಳ ಹೆಸರಿನಲ್ಲೂ ಹುಡುಕುವುದು ಒಳ್ಳೆಯದು.